ಹಾಡಿಗೆ ಹೊರಡುವ ಮೊದಲು ಹತ್ತು ದಿನ

ನಾನಿರುವುದು ಮೈಸೂರಿನ ಶ್ರೀರಾಂಪುರ ಎಂದರೆ ಮಾನವಶಾಸ್ತ್ರ ಓದಿದವರ ಕಿವಿ ನಿಮಿರುತ್ತದೆ: ‘ಶ್ರೀನಿವಾಸರ ರಾಂಪುರವಾ?’ ಅಲ್ಲ. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹೋಗಿ ಉಳಿದದ್ದು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ. ರಾಂಪುರ ಎಂಬುದು ಅವರು ಅದಕ್ಕಿಟ್ಟ ಮರೆಹೆಸರು. ನಮ್ಮದು ಬರೀ ಬಡಾವಣೆ. ಆದರೂ ಮಾನವಶಾಸ್ತ್ರದ ಜತೆ ಸಂಬಂಧ ಪೂರ್ತಿ ಇಲ್ಲವೆನ್ನಲಾಗದು. ಒಂದು ಕಡೆ ಕುವೆಂಪುನಗರ ದಾಟಿದರೆ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಅದರಾಚೆ ಬೋಗಾದಿಯಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾಲಯದ ದಕ್ಷಿಣ ಕೇಂದ್ರ. ಇನ್ನೊಂದು ಕಡೆ ಮಾನಂದವಾಡಿ ರಸ್ತೆ ಹಿಡಿದು ಹೋದರೆ ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಗಳು, ಅಂದರೆ ಆದಿವಾಸಿಗಳ ಪುಟ್ಟ ಊರುಗಳು.

ಮಾನವಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡುವವರ ಪಾಡು ಒಂಟಿ ಎತ್ತಿನ ಬೇಸಾಯ. ರಸಾಯನಶಾಸ್ತ್ರದವರಿಗೆ ಪ್ರಯೋಗಾಲಯವಿದೆ, ಪಕ್ಕದ ಮೇಜಿನಲ್ಲಿ ಹಿರಿಯ ವಿದ್ಯಾರ್ಥಿ ಇರುತ್ತಾನೆ. ಇಲ್ಲಿ ಒಂದು ನೋಟ್‌ಬುಕ್ಕು, ಪರಿಚಯವಿಲ್ಲದ ಊರು, ತಿಂಗಳುಗಟ್ಟಲೆ ವಾಸ. ಒಲೆಯ ಮುಂದೆ ಕೂತ ಹೆಂಗಸು ನಂಬಿ ಹೇಳಿದ್ದನ್ನು ಪ್ರಬಂಧದಲ್ಲಿ ಬರೆಯಬಹುದೇ? ಇಂಥ ಪ್ರಶ್ನೆಗೆ ಮಾರ್ಗದರ್ಶಕರೊಬ್ಬರನ್ನು ಬಿಟ್ಟರೆ ಕೇಳಲು ಯಾರಿದ್ದಾರೆ?

ಆ ಕೊರತೆ ತುಂಬಲೆಂದೇ ಅಲ್ಪಾವಧಿಯ ತೀವ್ರ ತರಬೇತಿಗಳಿವೆ. ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವಿನಿಂದ ವಿಶ್ವವಿದ್ಯಾಲಯಗಳು ನಡೆಸುವ ಹತ್ತು ದಿನದ ಸಂಶೋಧನಾ ವಿಧಾನ ಕೋರ್ಸು. ಪಿಎಚ್‌.ಡಿಗೆ ಯುಜಿಸಿ ಕಡ್ಡಾಯ ಮಾಡಿರುವ ಕೋರ್ಸ್‌ವರ್ಕ್ ಬೇರೆ, ಇದು ಬೇರೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ, ಬೇರೆ ಬೇರೆ ವಿಷಯಗಳ ಸಂಶೋಧನಾರ್ಥಿಗಳು ಒಂದೇ ಸೂರಿನಡಿ ಸೇರುತ್ತಾರೆ. ಪ್ರಶ್ನೆ ರೂಪಿಸುವುದು, ಸಂದರ್ಶನ, ಅಂಕಿಅಂಶ, ಸಂಶೋಧನೆಯ ನೀತಿ ಇವೆಲ್ಲ ಪಾಠ. ಪವರ್‌ಪಾಯಿಂಟ್ ಮುಂದೆ ತೂಕಡಿಸುವವರೂ, ಸರ್ಟಿಫಿಕೇಟಿಗೆಂದೇ ಬಂದವರೂ ಇಲ್ಲದಿಲ್ಲ.

ರುಚಿ ಇರುವುದು ಕೈಯಾರೆ ಮಾಡುವ ಅಭ್ಯಾಸದಲ್ಲಿ. ವಂಶಾವಳಿ ಬರೆಯುವುದನ್ನೇ ನೋಡಿ. ‘ನಿಮಗೆ ಅಣ್ಣಂದಿರೆಷ್ಟು?’ ಎಂದು ಕೇಳಿದರೆ ಹಳ್ಳಿಯ ಯಜಮಾನರು ದೊಡ್ಡಪ್ಪನ ಮಕ್ಕಳನ್ನೂ ಸೇರಿಸಿ ‘ಐದು ಜನ’ ಎಂದಾರು. ಕನ್ನಡದಲ್ಲಿ ಅವರೂ ಅಣ್ಣಂದಿರೇ ತಾನೆ! ಸೋದರಮಾವನ ಮಗ ಮಾತ್ರ ಭಾವ, ಏಕೆಂದರೆ ಅಲ್ಲಿ ಹೆಣ್ಣು ಕೊಟ್ಟು ತರುವ ನಂಟಿದೆ. ಇಂಗ್ಲಿಷಿನ ನಮೂನೆಯಲ್ಲಿ ಇಬ್ಬರೂ ‘ಕಸಿನ್’. ಈ ಪೆಟ್ಟು ಹಾಡಿಯಲ್ಲಿ ಬೀಳುವ ಬದಲು ತರಗತಿಯಲ್ಲೇ ಬಿದ್ದರೆ ಒಳ್ಳೆಯದು. ಟಿಪ್ಪಣಿ ಕನ್ನಡದಲ್ಲಿದ್ದು ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆದರೆ ಇಂಥ ಸೂಕ್ಷ್ಮಗಳೇ ಮೊದಲು ಸೋರಿಹೋಗುತ್ತವೆ. ಆಯೋಜಕರು ಇದನ್ನು ಯೋಚಿಸಬೇಕು.

ಪಾಠಕ್ಕಿಂತ ದೊಡ್ಡ ಲಾಭ ಸಂಜೆಯ ಟೀ ಹೊತ್ತಿನದು ಎನ್ನುವುದು ನನ್ನ ಅಭಿಪ್ರಾಯ. ಪಕ್ಕದ ತಾಲ್ಲೂಕಿನಲ್ಲೇ ಕೆಲಸ ಮಾಡುತ್ತಿರುವ ಇನ್ನೊಬ್ಬರು ಸಿಗುತ್ತಾರೆ, ಅರ್ಧ ಬರೆದ ಅಧ್ಯಾಯ ಓದಿ ‘ಇದು ಸರಿಯಿಲ್ಲ’ ಎನ್ನುವ ಗೆಳೆಯರು ಸಿಗುತ್ತಾರೆ.

ಶ್ರೀನಿವಾಸರಿಗೂ ಅಂಥವರೊಬ್ಬರು ಸಿಕ್ಕಿದ್ದರು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಹದಿನೆಂಟು ವರ್ಷ ಓರಣ ಮಾಡಿಟ್ಟಿದ್ದ ಕೊಡಗಹಳ್ಳಿಯ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದವರು ಸಹೋದ್ಯೋಗಿ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. ಹಾಗೆ ಬರೆದ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಅಚ್ಚಾಯಿತು.