ಹಣೆಬರಹವೂ ಜೀನಿನ ಬರಹವೂ

ಒಂದೇ ತಾಯಿಯ ಮಕ್ಕಳಿಬ್ಬರು. ಇಬ್ಬರೂ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ. ಒಬ್ಬನು ಮೈಕೊಡವಿಕೊಂಡು ಮತ್ತೆ ಪುಸ್ತಕ ಹಿಡಿಯುತ್ತಾನೆ; ಇನ್ನೊಬ್ಬನು ಕೋಣೆಯ ಕದವಿಕ್ಕಿಕೊಂಡು ಅನ್ನ ನಿದ್ರೆಗಳನ್ನು ತೊರೆಯುತ್ತಾನೆ. ಏಕೆ ಹೀಗೆ? ‘ಅವರವರ ಹಣೆಬರಹ’ ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ. ಆ ಬರಹವಿರುವುದು ಹಣೆಯಲ್ಲಲ್ಲ, ಜೀವಕೋಶಗಳೊಳಗಿನ ಜೀನುಗಳಲ್ಲಿ ಎಂದು ವಿಜ್ಞಾನಿಗಳು ಕೆಲವು ಕಾಲ ಬಗೆದಿದ್ದರು.

ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972–73ರಲ್ಲಿ ಜನಿಸಿದ ಸಾವಿರಕ್ಕೂ ಮಿಕ್ಕ ಮಕ್ಕಳ ಬೆಳವಣಿಗೆಯನ್ನು ಸಂಶೋಧಕರು ಎಳವೆಯಿಂದಲೇ ಗಮನಿಸುತ್ತ ಬಂದಿದ್ದಾರೆ. ಅವರಲ್ಲಿ 847 ಮಂದಿಯನ್ನು ಕುರಿತ ವರದಿಯೊಂದನ್ನು ಅವ್‌ಶಲೊಮ್ ಕ್ಯಾಸ್ಪಿ, ಟೆರಿ ಮಾಫಿಟ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದರು.

ಮೆದುಳಿನ ನರಗಳು ಸಿರೊಟೋನಿನ್ ಎಂಬ ದ್ರವ್ಯದ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಕೆಲಸ ಮುಗಿದೊಡನೆ ಆ ದ್ರವ್ಯವನ್ನು ನರದೊಳಕ್ಕೆ ಮರಳಿ ಒಯ್ಯುವ ವಾಹಕವೊಂದಿದೆ. ಅದರ ಜೀನಿನಲ್ಲಿ ಗಿಡ್ಡ, ಉದ್ದ ಎಂದು ಎರಡು ಬಗೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. 21ರಿಂದ 26ರ ವಯಸ್ಸಿನೊಳಗೆ ಉದ್ಯೋಗ, ಹಣ, ವಸತಿ, ಆರೋಗ್ಯ, ಪ್ರಣಯಗಳಲ್ಲಿ ನಾಲ್ಕೋ ಹೆಚ್ಚೋ ಪೆಟ್ಟು ತಿಂದವರ ಪೈಕಿ, ಗಿಡ್ಡ ಜೀನನ್ನು ಪಡೆದಿದ್ದವರಲ್ಲಿ ಶೇಕಡಾ 33 ಮಂದಿ ಖಿನ್ನತೆಗೆ ತುತ್ತಾಗಿದ್ದರು. ಎರಡೂ ಉದ್ದವಾಗಿದ್ದವರಲ್ಲಿ ಶೇಕಡಾ 17 ಮಾತ್ರ. ಪೆಟ್ಟೇ ಬೀಳದವರಲ್ಲಿ ಈ ಅಂತರ ಕಾಣಲಿಲ್ಲ.

ವಿದ್ವಲ್ಲೋಕ ಬೆರಗಾಯಿತು. ಆದರೆ ವಿಜ್ಞಾನವು ಒಂದೇ ಸಾಕ್ಷಿಯ ಮಾತಿಗೆ ತೀರ್ಪು ಕೊಡುವುದಿಲ್ಲ. 2009ರಲ್ಲಿ 14 ಅಧ್ಯಯನಗಳನ್ನು, ಅಂದರೆ 14,250 ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗ ಜೀನಿನ ಪ್ರಭಾವ ಕಾಣದಾಯಿತು. 2019ರಲ್ಲಿ ಲಕ್ಷಗಟ್ಟಲೆ ಜನರನ್ನು ಪರಿಶೀಲಿಸಿದಾಗ, ಖಿನ್ನತೆಗೆ ಕಾರಣವೆಂದು ಹೆಸರಾಗಿದ್ದ 18 ಜೀನುಗಳೂ ಉಳಿದ ಜೀನುಗಳಿಗಿಂತ ಹೆಚ್ಚಿನವಲ್ಲವೆಂದು ತಿಳಿದುಬಂತು.

ಹಾಗೆಂದು ವಂಶದ ಪಾಲು ಇಲ್ಲವೇ ಇಲ್ಲವೆಂದಲ್ಲ. ಅವಳಿಗಳ ಅಧ್ಯಯನಗಳು ಆ ಪಾಲನ್ನು ಮೂರರಲ್ಲೊಂದಕ್ಕಿಂತ ತುಸು ಹೆಚ್ಚೆಂದು ಅಂದಾಜು ಮಾಡಿವೆ. ಆದರೆ ಅದು ಅಸಂಖ್ಯ ಜೀನುಗಳಲ್ಲಿ ಹಂಚಿಹೋಗಿದೆ. ಒಂದೊಂದರ ಬಲ ಸಾಸಿವೆಯಷ್ಟು.

2009ರ ಪರಿಶೀಲನೆಯಲ್ಲಿ ಅಲುಗದೆ ಉಳಿದ ಸತ್ಯ ಮತ್ತೊಂದು: ಬಾಳಿನ ಪೆಟ್ಟುಗಳು ಹೆಚ್ಚಿದಂತೆ ಖಿನ್ನತೆಯೂ ಹೆಚ್ಚುತ್ತದೆ. ಜೀನನ್ನು ತಿದ್ದುವುದು ಮನೆಯವರ ಕೈಯಲ್ಲಿಲ್ಲ. ಪೆಟ್ಟು ತಿಂದ ಮಗನನ್ನು ಹಳಿಯದೆ ಆತುಕೊಳ್ಳುವುದು, ಅಗತ್ಯವಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದು ಅವರ ಕೈಯಲ್ಲಿದೆ. ಕದವಿಕ್ಕಿಕೊಂಡವನ ಹಣೆಬರಹವನ್ನು ಓದಲು ಯಾರಿಂದಲೂ ಆಗದು. ಕದ ತಟ್ಟಲು ಎಲ್ಲರಿಂದಲೂ ಆಗುತ್ತದೆ.