ಕುಣಿವ ಬಾಣದ ಪೂರ್ವಕಥೆ

ಮೇ ತಿಂಗಳ ಮಂಗಳೂರಿನಲ್ಲಿ ಫ್ಯಾನು ತಿರುಗುವುದು ಬಿಸಿಗಾಳಿಯನ್ನು ಸಮವಾಗಿ ಹಂಚುವುದಕ್ಕೆ ಮಾತ್ರ. ಆ ಸೆಕೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವರ ದೂರೊಂದು ವರ್ಷವರ್ಷವೂ ಕಿವಿಗೆ ಬೀಳುತ್ತದೆ: “ಕರ್ಸರ್ ಇಟ್ಟಲ್ಲಿ ನಿಲ್ಲುವುದಿಲ್ಲ ಮಾರಾಯ್ರೆ, ಅದರಷ್ಟಕ್ಕೆ ಹಾರ್ತದೆ.” ವೈರ್‌ಲೆಸ್ ಟ್ರ್ಯಾಕ್‌ಪ್ಯಾಡಿನ ಮೇಲೆ ಬೆರಳನ್ನು ಎಡಕ್ಕೆ ಸರಿಸಿದರೆ ಪರದೆಯ ಬಾಣ ಮೇಲಕ್ಕೆ ನೆಗೆಯುತ್ತದೆ. ತೆರೆಯಬೇಕಿದ್ದ ಮೇಲ್ ಡಿಲೀಟ್ ಆಗುತ್ತದೆ. ವೈರಸ್ ಹೊಕ್ಕಿದೆ ಎನ್ನುತ್ತಾರೆ ಒಬ್ಬರು, ಯಾರೋ ಹ್ಯಾಕ್ ಮಾಡಿದ್ದಾರೆ ಎನ್ನುತ್ತಾರೆ ಇನ್ನೊಬ್ಬರು. ಬೇಸತ್ತು ಹಂಪನಕಟ್ಟೆ ಕಡೆಯ ಯಾವುದಾದರೂ ರಿಪೇರಿ ಅಂಗಡಿಗೆ ಒಯ್ದರೆ, ಎಸಿ ಹಾಕಿದ ಆ ಕೋಣೆಯಲ್ಲಿ ಅದು ಏನೂ ಆಗಿಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಇಲ್ಲದ ರೋಗ ಮನೆಯಲ್ಲಿ ಇದೆಯೆಂದರೆ ರೋಗ ಯಂತ್ರದ್ದಲ್ಲ, ಅದು ಕುಳಿತ ಜಾಗದ್ದು. ಮನೆಯ ಗಾಳಿ ಬೇರೆ, ಅಕ್ಕಪಕ್ಕದ ರೇಡಿಯೊ ಅಲೆಗಳು ಬೇರೆ, ಗೋಡೆಯ ಪ್ಲಗ್ಗು ಬೇರೆ. ಇವು ಮೂರಕ್ಕೂ ಈ ಚಪ್ಪಟೆ ಹಲಗೆ ಇಷ್ಟೊಂದು ಸ್ಪಂದಿಸುವುದೇಕೆ ಎಂದು ತಿಳಿಯಬೇಕಾದರೆ ಅದು ಹುಟ್ಟಿ ಬೆಳೆದ ದಾರಿಯನ್ನು ನೋಡಬೇಕು. ಅದರ ಒಂದೊಂದು ಚೇಷ್ಟೆಗೂ ಒಂದೊಂದು ಇಸವಿ ಇದೆ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಜನರೆದುರು ತೋರಿಸಿದ ಮೌಸ್‌ನ ಹೊಟ್ಟೆಯಲ್ಲಿ ಗಾಲಿಗಳಿದ್ದವು. ಮುಂದೆ ಗಾಲಿಯ ಜಾಗಕ್ಕೆ ಗುಂಡು ಬಂತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರು ಆ ಗುಂಡನ್ನು ತೆಗೆದು, ಒಳಗಿನ ರೋಲರಿಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆದವರೇ. 1991ರಲ್ಲಿ ಬಂದ ಆಪಲ್ ಪವರ್‌ಬುಕ್ ಲ್ಯಾಪ್‌ಟಾಪಿನಲ್ಲೂ ಕೀಬೋರ್ಡಿನ ಕೆಳಗೆ ಕುಳಿತಿದ್ದದ್ದು ಇಂಥದೇ ಗುಂಡು. ಬಾಣ ತೊದಲಿದರೆ ಕಾರಣ ಕಣ್ಣಿಗೆ ಕಾಣುತ್ತಿತ್ತು, ಉಗುರಿಗೆ ಸಿಗುತ್ತಿತ್ತು. ಆ ಸುಖ ಮತ್ತೆ ಬರಲಿಲ್ಲ.

ಬೆರಳಾಡಿಸುವ ಹಲಗೆಯ ಯೋಚನೆ ಅದಕ್ಕಿಂತ ಹಳೆಯದು. 1983ರ ಗ್ಯಾವಿಲಾನ್ ಎಂಬ ಪೋರ್ಟಬಲ್ ಕಂಪ್ಯೂಟರಿನಲ್ಲಿ ಕೀಬೋರ್ಡಿನ ಮೇಲ್ಗಡೆ ಅಂಥದೊಂದು ಪಟ್ಟಿ ಇತ್ತು. ಅದನ್ನು ನಂಬಬಹುದಾದ ವಸ್ತುವಾಗಿಸಿದ್ದು ಅಮೆರಿಕದ ಯೂಟಾದ ಜಾರ್ಜ್ ಗರ್ಫೈಡ್. 1988ರ ಹೊತ್ತಿಗೆ ಅವರು ಬೆರಳಿನ ವಿದ್ಯುತ್ ಗುಣವನ್ನೇ ಅಳೆದು ಜಾಗ ಹೇಳುವ ಹಲಗೆಯನ್ನು ರೂಪಿಸಿದ್ದರು. 1994ರ ಪವರ್‌ಬುಕ್ 500 ಸರಣಿಯಲ್ಲಿ ಗುಂಡು ಹೋಗಿ ಟ್ರ್ಯಾಕ್‌ಪ್ಯಾಡ್ ಬಂತು. ಅಲ್ಲಿಂದ ಮುಂದೆ ಬೇರೆ ಲ್ಯಾಪ್‌ಟಾಪುಗಳೂ ಅದೇ ದಾರಿ ಹಿಡಿದವು.

ಈ ಹಲಗೆ ಒತ್ತಡವನ್ನು ಅಳೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬಾಣವನ್ನು ಓಡಿಸುವುದು ಒತ್ತಡವಲ್ಲ. ಮೇಲ್ಮೈಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ತೆಳು ಲೋಹದ ಗೆರೆಗಳಿವೆ. ಅವು ಹಾದುಹೋಗುವ ಒಂದೊಂದು ಕಡೆಯೂ ಒಂದು ಪುಟ್ಟ ಕೆಪ್ಯಾಸಿಟರ್. ಉಪ್ಪುನೀರು ತುಂಬಿದ ನಮ್ಮ ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುದಂಶ ಚೂರು ಏರುಪೇರಾಗುತ್ತದೆ. ಆ ವ್ಯತ್ಯಾಸ ಒಂದು ಪಿಕೊಫ್ಯಾರಡ್‌ಗಿಂತಲೂ ಕಡಿಮೆ ಇರಬಹುದು; ಪಿಕೊಫ್ಯಾರಡ್ ಎಂದರೆ ಫ್ಯಾರಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಳಗಿನ ಚಿಪ್ಪು ಎಲ್ಲ ಗೆರೆಗಳನ್ನೂ ಸೆಕೆಂಡಿಗೆ ಹತ್ತಾರು ಸಲ ಓದಿ, ವ್ಯತ್ಯಾಸ ಎಲ್ಲಿ ಹೆಚ್ಚಿದೆಯೋ ಅದರ ನಡುವನ್ನು ಲೆಕ್ಕಹಾಕಿ, ಬೆರಳು ಇಲ್ಲಿದೆ ಎನ್ನುತ್ತದೆ. ಖಾಲಿ ಇದ್ದಾಗ ತನ್ನ ಅಳತೆ ಎಷ್ಟಿತ್ತು ಎಂಬುದನ್ನೂ ನೆನಪಿಟ್ಟುಕೊಂಡು ಆಗಾಗ ತಿದ್ದಿಕೊಳ್ಳುತ್ತಿರುತ್ತದೆ. ಇಡೀ ಆಟ ನಿಂತಿರುವುದು ಆ ಖಾಲಿ ಅಳತೆಯ ಮೇಲೆ.

ಈಗ ಇದನ್ನು ಕರಾವಳಿಗೆ ತನ್ನಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರು. ಮಳೆ ಇಲ್ಲದ ತಿಂಗಳಲ್ಲಿ ಸೆಕೆ. ಬೆವರಿನ ಒಂದು ಹನಿ ಹಲಗೆಯ ಮೂಲೆಯಲ್ಲಿ ನಿಂತರೆ ಚಿಪ್ಪಿಗೆ ಅದು ಎರಡನೆಯ ಬೆರಳು. ನಿಮ್ಮ ನಿಜವಾದ ಬೆರಳು ಮತ್ತು ಆ ಹನಿಯ ನಡುವೆ ತೇವದ ಗೆರೆಯೊಂದು ಎಳೆದುಕೊಂಡರಂತೂ ಎರಡೂ ಸೇರಿ ಉದ್ದನೆಯ ಒಂದು ಬೆರಳಾಗಿ, ಅದರ ನಡು ಎಲ್ಲೋ ಹೋಗಿ ಕೂರುತ್ತದೆ. ಬಾಣ ನೆಗೆಯುವುದು ಆಗಲೇ. ನಮ್ಮಲ್ಲಿ ಕೆಲವರು ತಲೆಗೆ ಹಚ್ಚಿದ ತೆಂಗಿನೆಣ್ಣೆಯ ಮೇಲೆ ತಪ್ಪು ಹೊರಿಸುವುದುಂಟು. ಪಾಪ, ಎಣ್ಣೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ಬೆವರಿನ ಉಪ್ಪೇ ಅಪರಾಧಿ. ಚಿಕಿತ್ಸೆ ಸುಲಭ: ಪ್ಯಾಡನ್ನು ಆಫ್ ಮಾಡಿ, ಒಣ ಬಟ್ಟೆಯಿಂದ ಒರಸಿ, ಮೇಲೆ ಏನನ್ನೂ ಇಡದೆ, ಬೆರಳನ್ನೂ ತಾಗಿಸದೆ ಮತ್ತೆ ಆನ್ ಮಾಡಿ. ಕೈ ಇಟ್ಟುಕೊಂಡೇ ಆನ್ ಮಾಡಿದರೆ ಅದು ನಿಮ್ಮ ಕೈಯನ್ನೂ ಖಾಲಿ ಅಳತೆಗೆ ಸೇರಿಸಿಕೊಳ್ಳುವ ಸಂಭವ ಇದೆ.

ಒಂದು ಬೆರಳಿನ ಕಾಲದಲ್ಲಿ ತೊಂದರೆಯೂ ಒಂದು ಬೆರಳಿನಷ್ಟೇ ಇತ್ತು. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ವೇಯ್ನ್ ವೆಸ್ಟರ್‌ಮನ್‌ಗೆ ಟೈಪ್ ಮಾಡಿ ಮಾಡಿ ಕೈನೋವು. ಸ್ಪರ್ಶ ಸಾಕು, ಒತ್ತುವ ಕೆಲಸ ಬೇಡ ಎಂದು ಅವರು ತಮ್ಮ ಪ್ರಾಧ್ಯಾಪಕ ಜಾನ್ ಎಲಿಯಾಸ್ ಜೊತೆ ಹತ್ತೂ ಬೆರಳನ್ನು ಗುರುತಿಸುವ ಹಲಗೆ ಮಾಡಿದರು. 1998ರಲ್ಲಿ ಫಿಂಗರ್‌ವರ್ಕ್ಸ್ ಎಂಬ ಕಂಪನಿ ಕಟ್ಟಿದರು. 2005ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. ಎರಡು ಬೆರಳಲ್ಲಿ ಪುಟ ಜಾರಿಸುವುದು, ಚಿವುಟಿ ಚಿತ್ರ ಹಿಗ್ಗಿಸುವುದು ನಮ್ಮೆಲ್ಲರ ಕೈಗೆ ಬಂದ ದಾರಿ ಇದು. ಅದರೊಂದಿಗೆ ಹೊಸ ಪೀಕಲಾಟವೂ ಬಂತು. ಯಾವುದು ಬೆರಳು, ಯಾವುದು ಅಂಗೈಯ ಬುಡ, ಯಾವುದು ಸುಮ್ಮನೆ ತಾಗಿದ ಹೆಬ್ಬೆರಳು ಎಂದು ಸಾಫ್ಟ್‌ವೇರ್ ಊಹಿಸಬೇಕು. ಊಹೆ ತಪ್ಪುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿ ತಂತ್ರಾಂಶದ ಮೂಲಕ ನಾಡಿನ ಕಚೇರಿಗಳಲ್ಲಿ ಓಡುತ್ತಿರುವುದು. ಅದರಲ್ಲಿ ‘ಕ್ಕ’ ಬರೆಯಲು ಕೆ, ಎಫ್, ಕೆ ಎಂದು ಮೂರು ಕೀಲಿ ಒತ್ತಬೇಕು. ಎಫ್ ಮತ್ತು ಎರಡನೆಯ ಕೆ ನಡುವೆ ಹೆಬ್ಬೆರಳು ಪ್ಯಾಡಿಗೆ ತಾಗಿತೆನ್ನಿ. ಕರ್ಸರ್ ಎರಡು ಸಾಲು ಮೇಲೆ ಹಾರಿ, ಒತ್ತಾಗಬೇಕಿದ್ದ ಕ ಇನ್ಯಾವುದೋ ಪದದ ಹೊಟ್ಟೆಯಲ್ಲಿ ಇಡೀ ಅಕ್ಷರವಾಗಿ ಕೂರುತ್ತದೆ, ಹಿಂದೆ ಉಳಿದದ್ದು ಬೋಳು ‘ಕ್’. ಇಂಗ್ಲಿಷಿನಲ್ಲಾದರೆ ಸ್ಪೆಲ್ಲಿಂಗ್ ತಪ್ಪಷ್ಟೇ, ಕೆಂಪು ಗೆರೆ ಬಿದ್ದು ಗೊತ್ತಾಗುತ್ತದೆ. ನಮ್ಮಲ್ಲಿ ಅದು ಅಚ್ಚಾಗುವವರೆಗೂ ಅಡಗಿರುತ್ತದೆ. ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟರೆ ಅರ್ಧ ಕಾಟ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಸಂಗತಿ ಯಾರಿಗೂ ಹೊಳೆಯುವುದಿಲ್ಲ. ಮೇಜಿನ ಮೇಲೆ ಬೇರೆ ಟ್ರ್ಯಾಕ್‌ಪ್ಯಾಡ್ ಇಟ್ಟುಕೊಂಡವರ ಲ್ಯಾಪ್‌ಟಾಪಿನ ಸ್ವಂತ ಪ್ಯಾಡ್ ಹಾಗೆಯೇ ಎಚ್ಚರವಾಗಿರುತ್ತದೆ. ಬಾಣ ಒಂದು, ಒಡೆಯರು ಇಬ್ಬರು. ಅದರ ಮೇಲೆ ಅಂಗಿಯ ತೇವದ ತೋಳೋ ಮಣಿಕಟ್ಟೋ ತಾಗಿದರೆ ಆಪಾದನೆ ಮಾತ್ರ ಹೊರಗಿನ ಪ್ಯಾಡಿಗೆ. ಮ್ಯಾಕ್‌ನಲ್ಲಿ ಹೊರಗಿನದು ಇದ್ದಾಗ ಒಳಗಿನದನ್ನು ಮಲಗಿಸುವ ಆಯ್ಕೆಯೇ ಇದೆ. ಹಾಗೆಯೇ ಲ್ಯಾಪ್‌ಟಾಪಿನ ಪ್ಯಾಡ್ ಕೆಳಗಿನಿಂದ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿದೆ ಎಂದೇ ಅರ್ಥ. ಆಗ ಕರ್ಸರನ್ನು ಮರೆತು ಯಂತ್ರವನ್ನು ಆಫ್ ಮಾಡಿ, ರಿಪೇರಿಯವರ ಕೈಗೆ ಕೊಡಬೇಕು.

2010ರ ಜುಲೈಯಲ್ಲಿ ಆಪಲ್ ಈ ಹಲಗೆಯನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಮೇಜಿಗೆ ತಂದಿತು: ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್. ಎರಡು ಎಎ ಸೆಲ್ಲು, ಬ್ಲೂಟೂತ್. ತಂತಿ ಹೋಯಿತು, ರೇಡಿಯೊ ಬಂತು. ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಸ್ ಪಟ್ಟಿಯನ್ನು. ಭಾರತದಲ್ಲಿ 2005ರಲ್ಲಿ ಈ ಪಟ್ಟಿಗೆ ಪರವಾನಗಿ ಬೇಕಿಲ್ಲವೆಂದಾಯಿತು. ಈಗ ಕದ್ರಿಯದೋ ಬಿಜೈಯದೋ ಫ್ಲ್ಯಾಟ್ ಒಂದರಲ್ಲಿ ಕುಳಿತು ವೈಫೈ ಪಟ್ಟಿ ತೆರೆದರೆ ಮೇಲಿನವರು, ಕೆಳಗಿನವರು, ಎದುರು ಮನೆಯವರು ಎಲ್ಲರೂ ಕಾಣುತ್ತಾರೆ. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗುನುಗುತ್ತದೆ. ಬ್ಲೂಟೂತ್ 79 ಕಿರುಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತ ಈ ಗದ್ದಲದಿಂದ ತಪ್ಪಿಸಿಕೊಳ್ಳುತ್ತದೆ. ಕಂಪ್ಯೂಟರಿನ ಮಗ್ಗುಲಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಮಾತ್ರ ಕಷ್ಟ; ಅದರ ಕೇಬಲ್ಲು ಇದೇ ಪಟ್ಟಿಯಲ್ಲಿ ಗಲಾಟೆ ಎಬ್ಬಿಸುತ್ತದೆಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ.

ರೇಡಿಯೊ ಕಾಟವನ್ನು ಬೆವರಿನ ಕಾಟದಿಂದ ಬೇರ್ಪಡಿಸುವುದು ಕಷ್ಟವಲ್ಲ. ಸಂದೇಶ ದಾರಿಯಲ್ಲಿ ಸಿಕ್ಕಿಕೊಂಡರೆ ಬಾಣ ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ನೀವು ಹೇಳಿದ ದಿಕ್ಕಿಗೇ ಒಮ್ಮೆಲೇ ಧಾವಿಸುತ್ತದೆ. ಸೆಲ್ಲು ಸೊರಗಿದಾಗಲೂ ಹೀಗೆಯೇ. ಹೇಳದ ದಿಕ್ಕಿಗೆ ಹಾರಿದರೆ ರೇಡಿಯೊವನ್ನು ಬಿಟ್ಟುಬಿಡಿ, ಹಲಗೆಯ ಮೇಲ್ಮೈಯನ್ನು ನೋಡಿ.

2015ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಎಎ ಸೆಲ್ಲನ್ನು ಬಿಟ್ಟು ಚಾರ್ಜ್ ಮಾಡುವ ಬ್ಯಾಟರಿಗೆ ಬದಲಾಯಿತು. ಸುಮಾರು ತಿಂಗಳಿಗೊಮ್ಮೆ ತಂತಿ ಚುಚ್ಚಬೇಕು. ಓಡಿಸಿದ್ದ ತಂತಿ ಹಿಂದಿನ ಬಾಗಿಲಿನಿಂದ ಮರಳಿತು, ಬರುವಾಗ ಗೋಡೆಯ ಪ್ಲಗ್ಗಿನ ಗುಣದೋಷವನ್ನೂ ಹೊತ್ತು ತಂದಿತು. ಎರಡು ಪಿನ್ನಿನ ಚಾರ್ಜರಿಗೆ ಅರ್ತ್ ಇಲ್ಲ. ಅದರೊಳಗಿನ ಸಣ್ಣದೊಂದು ಕೆಪ್ಯಾಸಿಟರ್ ಮೂಲಕ 230 ವೋಲ್ಟಿನ ಅರ್ಧದಷ್ಟು ಈಚೆ ಬದಿಗೆ ತೇಲಿ ಬರುತ್ತದೆ. ಕರೆಂಟು ತೀರಾ ಅಲ್ಪ, ಅಪಾಯವಿಲ್ಲ. ಲೋಹದ ಲ್ಯಾಪ್‌ಟಾಪಿನ ಮೇಲೆ ಕೈ ಸವರಿದರೆ ಜುಮ್ ಎನ್ನುವುದು ಇದೇ. ಪಿಕೊಫ್ಯಾರಡ್ ಎಣಿಸುವ ಹಲಗೆಗೆ ಮಾತ್ರ ಅದು ಕಿವಿಯ ಬಳಿ ಬಾರಿಸುವ ಡೋಲು. ಅಗ್ಗದ ಚಾರ್ಜರಿನ ಗದ್ದಲ ಇನ್ನೂ ಹೆಚ್ಚು. ಪರೀಕ್ಷೆ ಒಂದೇ: ಕೇಬಲ್ ಕಿತ್ತು ನೋಡಿ. ಬಾಣ ತಕ್ಷಣ ಸೌಮ್ಯವಾದರೆ ಪ್ಯಾಡ್ ನಿರಪರಾಧಿ.

ಮೂರು ಪಿನ್ನಿನ ಚಾರ್ಜರ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿ ಇರಬೇಕು, ತಂತಿಯ ತುದಿ ನೆಲಕ್ಕೆ ಹೋಗಿರಬೇಕು, ನೆಲ ಅದನ್ನು ಒಪ್ಪಿಕೊಳ್ಳಬೇಕು. ಹಳೆಯ ಹಂಚಿನ ಮನೆಗಳ ವೈರಿಂಗಿನಲ್ಲಿ ಎಷ್ಟೋ ಕಡೆ ಆ ತೂತು ಬರೀ ತೂತು. ಇನ್ನು ನೆಲ? ಮಂಗಳೂರು ಕುಳಿತಿರುವುದು ಮುರಕಲ್ಲಿನ ಮೇಲೆ. ರಂಧ್ರ ರಂಧ್ರದ ಈ ಕೆಂಪು ಕಲ್ಲು ಮಳೆನೀರನ್ನು ಕುಡಿದು ಕೆಳಕ್ಕೆ ಬಿಟ್ಟುಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಒಣಗಿ, ವಿದ್ಯುತ್ತಿಗೆ ದಾರಿ ಕೊಡಲು ಒಲ್ಲೆ ಎನ್ನುತ್ತದೆ. ಅದಕ್ಕೇ ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು, ಬೇಸಿಗೆಯಲ್ಲಿ ನೀರು ಹೊಯ್ಯುವುದು.

ಟ್ರ್ಯಾಕ್‌ಪ್ಯಾಡ್ ಕೆಟ್ಟಿದೆ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ ಎಂದರೆ ಮನೆಯವರು ನಗಬಹುದು. ಆತ ಮಾಡುವುದು ಐದು ನಿಮಿಷದ ಕೆಲಸ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಮೀಟರ್ ಹಿಡಿಯುತ್ತಾನೆ, ಆಮೇಲೆ ಫೇಸ್ ಮತ್ತು ಅರ್ತ್ ನಡುವೆ. ಎರಡೂ ಹತ್ತಿರಹತ್ತಿರ ಇದ್ದರೆ ಸದ್ಯಕ್ಕೆ ಸಮಾಧಾನ. ಎರಡನೆಯದು ಬಹಳ ಇಳಿದಿದ್ದರೆ ಗುಂಡಿ ನೋಡಬೇಕು. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲೋ ಮೇನಲ್ಲೋ ಮಾಡಿಸಿ. ಜೂನ್ ಮಳೆ ಹಿಡಿದ ಮೇಲೆ ಮಾಡಿಸಿದರೆ ಊರಿನ ಗುಂಡಿಗಳೆಲ್ಲ ಪಾಸಾಗಿಬಿಡುತ್ತವೆ.