ಬೆಳ್ಳಿಯ ಕರಡಿಗೆಗೇಕೆ ಕಪ್ಪು?

ಹಿರಿಯರಿಂದ ಬಂದ ಬೆಳ್ಳಿಯ ಕರಡಿಗೆ ನಮ್ಮ ಮನೆತನಗಳ ಪಾಲಿಗೆ ಬೆಲೆ ಕಟ್ಟಲಾಗದ ಆಸ್ತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಅಜ್ಜನ ಎದೆಯ ಮೇಲಿದ್ದ ಚೌಕವನ್ನು ಮೊಮ್ಮಗ ಧರಿಸುವುದುಂಟು. ಶ್ರೀ ಗುರು ಕೊಟ್ಟೂರೇಶ್ವರರ ತೇರು ಸಮೀಪಿಸಿತೆಂದರೆ ವಿಭೂತಿ, ರಂಗೋಲಿ ಪುಡಿ, ಹಲ್ಲುಪುಡಿಗಳಿಂದ ಅದನ್ನು ತಿಕ್ಕಿ ಬೆಳಗುವುದೂ ವಾಡಿಕೆ. ಆದರೆ ಹೀಗೆ ತಿಕ್ಕುವಾಗ ಕಪ್ಪಿನೊಡನೆ ಬೆಳ್ಳಿಯೂ ಸವೆದುಹೋಗುತ್ತದೆ. ಎರಡು ಮೂರು ತಲೆಮಾರು ಕಳೆಯುವುದರಲ್ಲಿ ಕೆತ್ತನೆಯ ನಂದಿ, ಬಳ್ಳಿಗಳು ಮಸುಕಾಗಿಬಿಡುತ್ತವೆ.

ಈ ಕಪ್ಪು ಕಬ್ಬಿಣದ ತುಕ್ಕಿನಂಥದಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಗಂಧಕದ ಅನಿಲಗಳು ಬೆಳ್ಳಿಯ ಮೇಲ್ಮೈಯನ್ನು ಸೋಕಿ ಬೆಳ್ಳಿಯ ಸಲ್ಫೈಡ್ ಎಂಬ ತೆಳುಪದರವನ್ನು ಉಂಟುಮಾಡುತ್ತವೆ. ಅಂದರೆ ಆ ಕಪ್ಪಿನಲ್ಲಿಯೂ ನಮ್ಮ ಬೆಳ್ಳಿಯೇ ಅಡಗಿದೆ. ಅದನ್ನು ಉಜ್ಜಿ ಎಸೆಯದೆ ಮರಳಿ ಪಡೆಯಲು ವಿದ್ಯುದ್ರಸಾಯನ ಶಾಸ್ತ್ರವು ದಾರಿ ತೋರಿದೆ.

ಇಷ್ಟಲಿಂಗವನ್ನು ಶುದ್ಧ ವಸ್ತ್ರದಲ್ಲಿ ಕಟ್ಟಿ ಧರಿಸಿಕೊಂಡ ಬಳಿಕವೇ ಬರಿದಾದ ಕರಡಿಗೆಯನ್ನು ಕೈಗೆತ್ತಿಕೊಳ್ಳಬೇಕು. ಲಿಂಗದ ಕಂತಿಗೆ ಬಿಸಿನೀರು ತಾಗಲಾಗದು. ಅಗಲವಾದ ಪಾತ್ರೆಯ ತಳದಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಒಂದು ಲೀಟರ್ ಕುದಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ತುಸು ಉಪ್ಪು ಬೆರೆಸಿ, ಕರಡಿಗೆಯು ಆ ಹಾಳೆಗೆ ತಾಗುವಂತೆ ಮುಳುಗಿಸಬೇಕು. ಸೋಡಾ ಹಾಳೆಯ ಮೇಲಿನ ಆಕ್ಸೈಡ್ ಪೊರೆಯನ್ನು ಕರಗಿಸುತ್ತದೆ. ಅಲ್ಯೂಮಿನಿಯಂ ತಾನು ಕರಗುತ್ತ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವನ್ನು ಪಡೆದ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಗಂಧಕ ಬಿಡುಗಡೆಯಾಯಿತೆಂದು ತಿಳಿಯಬೇಕು. ಕಿಟಕಿ ತೆರೆದಿಡಿರಿ. ಕೆಲವು ನಿಮಿಷಗಳಲ್ಲಿ ಹೊರತೆಗೆದು ತಿಳಿನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಹರಳು ಕೂಡಿಸಿದ, ಒಳಗೆ ಅರಗು ತುಂಬಿದ ಒಡವೆಗಳಿಗೆ ಈ ವಿಧಾನ ಸಲ್ಲದು. ಕೆತ್ತನೆ ಎದ್ದು ಕಾಣಲೆಂದು ಅಕ್ಕಸಾಲಿಗರು ಬೇಕೆಂದೇ ಕಪ್ಪು ಉಳಿಸಿದ್ದರೆ ಅದೂ ಅಳಿಸಿಹೋಗುತ್ತದೆ.

ಬೆಳ್ಳಿಯ ಮುಲಾಮು ಹಾಕಿದ ತಾಮ್ರ, ಹಿತ್ತಾಳೆಯ ವಸ್ತುಗಳಿಗಂತೂ ತಿಕ್ಕುವಿಕೆ ಶತ್ರುವೇ ಸರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ಹಕ್ಕುಪತ್ರ ಪಡೆದ ಈ ವಿದ್ಯೆಯಲ್ಲಿ, ವಿದ್ಯುತ್ತಿನ ಬಲದಿಂದ ಬೆಳ್ಳಿಯ ತೆಳುಪೊರೆಯನ್ನು ಮತ್ತೊಂದು ಲೋಹದ ಮೇಲೆ ಕೂರಿಸುತ್ತಾರೆ. ಆ ಪೊರೆ ಸವೆದಲ್ಲಿ ತೇವ ಸೇರಿತೆಂದರೆ ಒಳಗಿನ ಲೋಹ ಬೇಗ ಕೊರೆಯುತ್ತದೆ. ಮುಲಾಮಿಗೆ ಬಳಸುವ ದ್ರಾವಣದಲ್ಲಿ ಸಾಮಾನ್ಯವಾಗಿ ಕಡುವಿಷವಾದ ಸಯನೈಡ್ ಇರುವುದರಿಂದ ಅದನ್ನು ಮನೆಯಲ್ಲಿ ಮಾಡಲು ಹೋಗಬಾರದು.

ಒಂದು ಲೋಹ ಕರಗಿ ಮತ್ತೊಂದನ್ನು ಕಾಯುವ ಈ ನಿಯಮ ಕರಡಿಗೆಗಷ್ಟೇ ಸೀಮಿತವಲ್ಲ. ಕೊಳವೆಬಾವಿಗೆ ಇಳಿಸುವ ಕಬ್ಬಿಣದ ಕೊಳವೆಗೆ ಸತುವಿನ ಲೇಪ ಕೊಡುವುದೂ ಇದಕ್ಕಾಗಿಯೇ. ಅಣೆಕಟ್ಟಿನ ಗೇಟುಗಳಿಗೂ ಲೇಪ, ತಪಾಸಣೆಗಳು ಅಷ್ಟೇ ಅವಶ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ರೈತರು ಬೆಳೆಗೆ ನೀರುಳಿದೀತೇ ಎಂದು ಕಂಗೆಟ್ಟ ದಿನಗಳನ್ನು ನಾವು ಮರೆಯುವಂತಿಲ್ಲ. ನೀರಿನ ನಡುವೆ ನಿಂತ ಲೋಹದ ಆರೈಕೆ ಸಾವಿರಾರು ಮನೆಗಳ ಅನ್ನದ ಪ್ರಶ್ನೆ.

ತಮಿಳುನಾಡಿನ ಕಾರೈಕುಡಿಯಲ್ಲಿ ಇಂಥ ಸಂಶೋಧನೆಗೆಂದೇ ಕೇಂದ್ರೀಯ ಸಂಸ್ಥೆಯೊಂದಿದೆ. ಅದಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದಿತು. ಅಳಗಪ್ಪ ಚೆಟ್ಟಿಯಾರ್ ಎಂಬ ಮಹಾದಾನಿಗಳು 300 ಎಕರೆ ಭೂಮಿಯನ್ನೂ 15 ಲಕ್ಷ ರೂಪಾಯಿಗಳನ್ನೂ ಕೊಟ್ಟುದರಿಂದ ಅದು ತಲೆಯೆತ್ತಿತು. ವಿದ್ಯಾದಾನದ ಪರಂಪರೆಯುಳ್ಳ ನಮ್ಮ ಸಮಾಜಕ್ಕೆ ಇದು ಪರಕೀಯವಲ್ಲ. ವಿಜ್ಞಾನ ಓದುವ ನಮ್ಮ ಮಕ್ಕಳು ಈ ಶಾಸ್ತ್ರವನ್ನೂ ಕಾಯಕವಾಗಿ ಕೈಗೊಳ್ಳಲಿ. ಈ ಬಾರಿಯ ತೇರಿಗೆ ಮನೆಯ ಕರಡಿಗೆಯನ್ನು ಅವರ ಕೈಯಿಂದಲೇ ಬೆಳಗಿಸೋಣ.